ಸಾಕ್ಷಿ ಎಂದು ಕರೆದಾಗ
(ಸಂತ ಥಾಮಸ್ ಮೋರ್ ಅವರ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಜೂನ್ 22. ಸಂತ ಜಾನ್ ಫಿಷರ್ ಮತ್ತು ಸಂತ ಥಾಮಸ್ ಮೋರ್ ಅವರನ್ನು ಧರ್ಮಸಭೆ ಒಟ್ಟಾಗಿ ಸ್ಮರಿಸುವ ದಿನ. ಇಬ್ಬರೂ 1535ರಲ್ಲಿ, ಹದಿನಾಲ್ಕು ದಿನಗಳ ಅಂತರದಲ್ಲಿ, ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಆಜ್ಞೆಯಿಂದ ತಲೆ ಕೊಟ್ಟವರು. ಫಿಷರ್ ಧರ್ಮಾಧ್ಯಕ್ಷರು. ಮೋರ್ ಹಾಗಲ್ಲ. ನಿಮ್ಮ ಹಾಗೆ ಸಂಸಾರಸ್ಥರು, ನಾಲ್ಕು ಮಕ್ಕಳ ತಂದೆ, ವೃತ್ತಿಯಲ್ಲಿ ವಕೀಲರು, ಮುಂದೆ ನ್ಯಾಯಾಧೀಶರು. ವಕೀಲರಲ್ಲೂ ಸಂತರು ಇದ್ದಾರೆಯೇ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಿದ್ದೀರಿ. ಇದ್ದಾರೆ. 1935ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಇವರನ್ನು ಸಂತರೆಂದು ಘೋಷಿಸಿದರು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಇವರನ್ನು ರಾಜಕಾರಣಿಗಳಿಗೂ ಪಾಲಕ ಸಂತರನ್ನಾಗಿ ಮಾಡಿದರು. ಆ ಕೆಲಸ ವಕೀಲರ ಪಾಲನೆಗಿಂತ ಕಷ್ಟದ್ದೇ ಇರಬೇಕು.

ಮೋರ್ ಅವರ ಭಕ್ತಿಯನ್ನು ಕುರಿತು ನೀವು ಬೇರೆ ವರ್ಷಗಳಲ್ಲಿ ಕೇಳಿದ್ದೀರಿ. ಇಂದು ನಾನು ಅವರ ವಿಚಾರಣೆಯನ್ನು ಕುರಿತು, ಅಂದರೆ ಕೋರ್ಟಿನಲ್ಲಿ ನಡೆದದ್ದನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಕೆಲವರ ಮನೆಗೆ ಕೋರ್ಟಿನ ಸಮನ್ಸ್ ಬಂದಿದೆ. ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟು ಮರೆಯುವ ಪ್ರಯತ್ನ ನಡೆದಿದೆ ಎಂಬುದೂ ನನಗೆ ಗೊತ್ತು.

ಕಾನೂನು, ನ್ಯಾಯ ಎಂದರೆ ಏನನ್ನಿಸುತ್ತದೆ ಎಂದು ನಮ್ಮ ಸಂತೆಯಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಕೋರ್ಟಿನ ಮೆಟ್ಟಿಲು ಹತ್ತಬಾರದು ಎನ್ನುತ್ತಾರೆ. ಕಾನೂನು ದುಡ್ಡಿದ್ದವರ ಮನೆಯ ನಾಯಿ ಎನ್ನುತ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಹಳೆಯ ಗಾದೆಯನ್ನು ಹೇಳುತ್ತಾರೆ. ಇದನ್ನೆಲ್ಲ ಸುಳ್ಳು ಎಂದು ತಳ್ಳಿಹಾಕಲು ನನ್ನಿಂದಾಗದು. ದೇಶದ ಕೆಳಹಂತದ ನ್ಯಾಯಾಲಯಗಳಲ್ಲೇ ಇಂದು 4 ಕೋಟಿಗೂ ಹೆಚ್ಚು ಮೊಕದ್ದಮೆಗಳು ಬಾಕಿ ಇವೆ. ತಾತ ಹಾಕಿದ ದಾವೆಗೆ ಮೊಮ್ಮಗ ವಾಯಿದೆಗೆ ಹೋಗುವುದನ್ನು ನಾವೇ ಕಂಡಿದ್ದೇವೆ.

ಆದರೆ ಇದೇ ಹತ್ತು ಜನ ಸಂಜೆ ಟಿ.ವಿ. ಮುಂದೆ ಕುಳಿತಾಗ ಏನು ಮಾಡುತ್ತಾರೆ? ಯಾರನ್ನೋ ಪೊಲೀಸರು ಹಿಡಿದ ಸುದ್ದಿ ಬಂದ ಐದು ನಿಮಿಷಕ್ಕೆ ತೀರ್ಪು ಕೊಡುತ್ತಾರೆ: 'ಇವನನ್ನು ನೇಣಿಗೆ ಹಾಕಬೇಕು.' ಸಾಕ್ಷಿ ಇಲ್ಲ, ವಾದ ಇಲ್ಲ, ಆರೋಪಿಯ ಮಾತು ಕೇಳಿದವರಿಲ್ಲ. ಆದರೆ ತಮ್ಮ ಕಣ್ಣೆದುರಿಗೇ ಒಂದು ಅನ್ಯಾಯ ನಡೆದು, 'ಬಂದು ಹೇಳಿ' ಎಂದು ಕೋರ್ಟು ಕರೆದರೆ, 'ನಮಗೇಕೆ ಊರ ಉಸಾಬರಿ?' ಎನ್ನುತ್ತಾರೆ. ಏನೂ ನೋಡದ ಕಡೆ ತೀರ್ಪು, ಎಲ್ಲ ನೋಡಿದ ಕಡೆ ಮೌನ. ಈ ವಿಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮೋರ್ ಅವರ ವಿಚಾರಣೆಯ ಕಡೆಗೆ ಬನ್ನಿ.

1529ರಲ್ಲಿ ಮೋರ್ ಇಂಗ್ಲೆಂಡಿನ ಲಾರ್ಡ್ ಚಾನ್ಸೆಲರ್ ಆದರು. ದೊರೆಯ ನಂತರದ ದೊಡ್ಡ ಅಧಿಕಾರಗಳಲ್ಲಿ ಅದೊಂದು. ನ್ಯಾಯದಾನವೂ ಅದರ ಕೆಲಸ. ಒಂದು ಪಕ್ಕದಲ್ಲಿ ತನ್ನ ಹೆತ್ತ ತಂದೆ, ಇನ್ನೊಂದು ಪಕ್ಕದಲ್ಲಿ ಸೈತಾನ ನಿಂತಿದ್ದು, ಸೈತಾನನ ಕಡೆ ನ್ಯಾಯವಿದ್ದರೆ ಅವನಿಗೇ ತೀರ್ಪು ಕೊಡುವೆ ಎನ್ನುತ್ತಿದ್ದರೆಂದು ಅವರ ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾನೆ. ತಂದೆಯ ಮೇಲೆ ಪ್ರೀತಿ ಇಲ್ಲದೆ ಆಡಿದ ಮಾತಲ್ಲ ಇದು. ತಂದೆಯೂ ನ್ಯಾಯಾಧೀಶರೇ. ಚಾನ್ಸೆಲರ್ ಆದ ಮೇಲೂ ಮಗ ತನ್ನ ಕೋರ್ಟಿಗೆ ಹೋಗುವ ಮುನ್ನ ತಂದೆಯ ಕೋರ್ಟಿನಲ್ಲಿ ಎಲ್ಲರೆದುರು ಮೊಣಕಾಲೂರಿ ಆಶೀರ್ವಾದ ಪಡೆಯುತ್ತಿದ್ದನಂತೆ.

ದೊರೆ ತನ್ನನ್ನೇ ಇಂಗ್ಲೆಂಡಿನ ಧರ್ಮಸಭೆಯ ಮುಖ್ಯಸ್ಥನೆಂದು ಕರೆದುಕೊಂಡ. ಅದನ್ನು ಒಪ್ಪಿ ಪ್ರಮಾಣ ಮಾಡಲು ಮೋರ್ ನಿರಾಕರಿಸಿದರು. ಏಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಕಾನೂನು ಬಲ್ಲವರು ಅವರು. ಮೌನವನ್ನು ರಾಜದ್ರೋಹವೆಂದು ಯಾವ ಕಾನೂನೂ ಶಿಕ್ಷಿಸಲಾಗದು ಎಂಬುದು ಅವರ ನಿಲುವು. 1534ರ ಏಪ್ರಿಲ್‌ನಿಂದ ಲಂಡನ್ನಿನ ಟವರ್ ಸೆರೆಮನೆಯಲ್ಲಿ ಒಂದು ವರ್ಷಕ್ಕೂ ಮೀರಿ ಕಳೆದರು. 1535ರ ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ. ಪೀಠದಲ್ಲಿ ಯಾರು ಕುಳಿತಿದ್ದರು ಗೊತ್ತೇ? ದೊರೆಯ ಹೊಸ ರಾಣಿಯ ತಂದೆ, ಅಣ್ಣತಮ್ಮಂದಿರಲ್ಲಿ ಒಬ್ಬ, ಸೋದರಮಾವ. ಪೀಠದ ಜೊತೆಗೆ ಹನ್ನೆರಡು ಜನರ ಜ್ಯೂರಿ. ಜ್ಯೂರಿ ಎಂದರೆ ನ್ಯಾಯಾಧೀಶರಲ್ಲದ ಗೃಹಸ್ಥರು. ಎರಡೂ ಕಡೆಯ ಮಾತು ಕೇಳಿ, ಆರೋಪಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಅವರೇ ಹೇಳಬೇಕು. ಆ ಹನ್ನೆರಡರ ಪಟ್ಟಿಯಲ್ಲಿ ಜಾನ್ ಪಾರ್ನೆಲ್ ಎಂಬ ಹೆಸರಿದೆ. ಮೋರ್ ಲಂಚ ತಿಂದು ನನ್ನ ವಿರುದ್ಧ ತೀರ್ಪು ಕೊಟ್ಟ ಎಂದು ಹಿಂದೆ ದೂರು ಒಯ್ದಿದ್ದವನ ಹೆಸರೂ ಪಾರ್ನೆಲ್ ಎಂದೇ.

ಆರೋಪಕ್ಕೆ ಆಧಾರ ಒಬ್ಬನೇ ಒಬ್ಬನ ಸಾಕ್ಷ್ಯ. ಅವನು ರಿಚರ್ಡ್ ರಿಚ್, ಸರ್ಕಾರದ ವಕೀಲ. ಜೂನ್ 12ರಂದು ಮೋರ್ ಅವರ ಪುಸ್ತಕಗಳನ್ನು ಕಿತ್ತುಕೊಂಡು ಹೋಗಲು ಸೆರೆಮನೆಗೆ ಬಂದಿದ್ದಾಗ, ಮಾತಿನ ನಡುವೆ ಮೋರ್ ದೊರೆಯ ಪಟ್ಟವನ್ನು ಅಲ್ಲಗಳೆದರು ಎಂದು ಅವನು ಪ್ರಮಾಣ ಮಾಡಿದ. ಮೋರ್ ಕಟಕಟೆಯಿಂದಲೇ ಇದು ಸುಳ್ಳು ಎಂದರು. ವರ್ಷವಿಡೀ ದೊರೆಯ ಮಂತ್ರಿಗಳಿಗೇ ಹೇಳದ ಗುಟ್ಟನ್ನು, ಹಗುರ ನಾಲಗೆಯವನೆಂದು ತನಗೆ ಗೊತ್ತಿದ್ದ ಇವನಿಗೆ ಹೇಳಿಯೇನೇ ಎಂದು ಕೇಳಿದರು.

ಪ್ರಿಯರೇ, ಮುಂದಿನದನ್ನು ಗಮನವಿಟ್ಟು ಕೇಳಿ. ಆ ದಿನ ಅದೇ ಕೋಣೆಯಲ್ಲಿ ಇನ್ನಿಬ್ಬರು ಇದ್ದರು. ಒಬ್ಬ ರಿಚರ್ಡ್ ಸೌತ್‌ವೆಲ್, ಇನ್ನೊಬ್ಬ ಪಾಮರ್. ಅವರನ್ನೂ ಕರೆದು ಕೇಳಲಾಯಿತು. ಪಾಮರ್ ಏನೆಂದ? ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುವುದರಲ್ಲಿ ಮುಳುಗಿದ್ದೆ, ಅವರ ಮಾತು ಕಿವಿಗೆ ಬೀಳಲಿಲ್ಲ. ಸೌತ್‌ವೆಲ್ ಏನೆಂದ? ನನ್ನನ್ನು ಕಳುಹಿಸಿದ್ದು ಪುಸ್ತಕ ಸಾಗಿಸಲು, ಮಾತು ಕೇಳಲು ಅಲ್ಲ. ಇಷ್ಟೇ. ಅವರು ಸುಳ್ಳು ಸಾಕ್ಷಿ ಹೇಳಲಿಲ್ಲ, ಸತ್ಯವನ್ನೂ ಹೇಳಲಿಲ್ಲ. ಸೆರೆಮನೆಯ ಒಂದು ಕೋಣೆ ಎಷ್ಟು ದೊಡ್ಡದಿದ್ದೀತು? ದೇಶವೇ ಕಿವಿಗೊಟ್ಟು ಕಾಯುತ್ತಿದ್ದ ಮಾತು ಅಲ್ಲಿ ಹೊರಬಿದ್ದಿದ್ದರೆ ಇಬ್ಬರಿಗೂ ಕೇಳಿಸದೇ ಇರುತ್ತಿತ್ತೇ? ನನಗಂತೂ ನಂಬಲಾಗುವುದಿಲ್ಲ. 'ಹಾಗೇನೂ ನಡೆಯಲಿಲ್ಲ' ಎಂಬ ಎರಡು ಪದ ಅವರ ಬಾಯಿಂದ ಬಂದಿದ್ದರೆ ರಿಚ್‌ನ ಮಾತು ಅಲ್ಲೇ ಉದುರಿಬೀಳುತ್ತಿತ್ತು.

ಜ್ಯೂರಿಯವರು ಒಳಗೆ ಹೋಗಿ ಕಾಲು ಗಂಟೆಯಲ್ಲಿ ಹೊರಬಂದರು. ತಪ್ಪಿತಸ್ಥ ಎಂದರು. ಜುಲೈ 6ರಂದು ಮೋರ್ ಅವರ ತಲೆ ಕಡಿದರು. ರಿಚ್ ಮುಂದೆ ತಾನೇ ಲಾರ್ಡ್ ಚಾನ್ಸೆಲರ್ ಆದ.

ಹಾಗಾದರೆ ಸಾಮಾನ್ಯ ಜನರನ್ನು ನ್ಯಾಯಕ್ಕೆ ಕೂರಿಸುವುದೇ ತಪ್ಪೇ? ದುಡುಕಬೇಡಿ. 1670ರಲ್ಲಿ ಅದೇ ಲಂಡನ್ನಿನಲ್ಲಿ ವಿಲಿಯಂ ಪೆನ್, ವಿಲಿಯಂ ಮೀಡ್ ಎಂಬ ಇಬ್ಬರನ್ನು ಬೀದಿಯಲ್ಲಿ ಪ್ರಸಂಗ ಮಾಡಿದ್ದಕ್ಕಾಗಿ ಕೋರ್ಟಿಗೆ ಎಳೆದರು. ಅವರು ಕ್ವೇಕರ್ ಪಂಥದವರು, ನಮ್ಮವರಲ್ಲ. ಅಂದೂ ಹನ್ನೆರಡು ಜನರ ಜ್ಯೂರಿ. ನ್ಯಾಯಪೀಠ ಎಷ್ಟು ಗದರಿಸಿದರೂ ಅವರು ಪೀಠಕ್ಕೆ ಬೇಕಾದ ತೀರ್ಪು ಕೊಡಲಿಲ್ಲ. ಎರಡು ರಾತ್ರಿ ಅನ್ನ, ನೀರು, ಬೆಂಕಿ ಇಲ್ಲದೆ ಕೂಡಿಹಾಕಿದರು. ಹೊರಬಂದು ಮತ್ತೆ ನಿರಪರಾಧಿಗಳು ಎಂದರು. ತಲೆಗೆ ನಲವತ್ತು ಮಾರ್ಕ್ ದಂಡ ಹಾಕಿ, ಕಟ್ಟುವ ತನಕ ಜೈಲು ಎಂದರು. ಎಡ್ವರ್ಡ್ ಬುಶೆಲ್ ಎಂಬಾತ ಕಟ್ಟಲಿಲ್ಲ, ಜೈಲಿನಿಂದಲೇ ಮೇಲಿನ ಕೋರ್ಟಿಗೆ ಹೋದ. ತೀರ್ಪು ಇಂಥದ್ದೇ ಇರಲಿ ಎಂದು ಜ್ಯೂರಿಯನ್ನು ಯಾರೂ ಶಿಕ್ಷಿಸುವಂತಿಲ್ಲ ಎಂದು ಮುಖ್ಯ ನ್ಯಾಯಾಧೀಶ ಜಾನ್ ವಾನ್ ಹೇಳಿದರು. ಮೋರ್ ಅವರ ವಿಚಾರಣೆಯಲ್ಲೂ ಹನ್ನೆರಡು ಜನ, ಇಲ್ಲೂ ಹನ್ನೆರಡು ಜನ. ಹೆಚ್ಚುಕಡಿಮೆ ಅದೇ ಪದ್ಧತಿ. ನಡುವೆ ಬದಲಾದದ್ದು ಕುಳಿತವರ ಎದೆ.

ನಮ್ಮ ದೇಶದಲ್ಲೂ ಬ್ರಿಟಿಷರ ಕಾಲದಿಂದ ಜ್ಯೂರಿ ಇತ್ತು. 1908ರಲ್ಲಿ ಬಾಲಗಂಗಾಧರ ತಿಲಕರ ಮೇಲೆ ಬೊಂಬಾಯಿ ಹೈಕೋರ್ಟಿನಲ್ಲಿ ರಾಜದ್ರೋಹದ ಮೊಕದ್ದಮೆ ನಡೆದಾಗ ಜ್ಯೂರಿಯಲ್ಲಿ ಒಂಬತ್ತು ಜನ. ಯುರೋಪಿಯನ್ನರು ಏಳು ಜನ ತಪ್ಪಿತಸ್ಥ ಎಂದರು, ಭಾರತೀಯರು ಇಬ್ಬರು ಅಲ್ಲ ಎಂದರು. ತಿಲಕರು ಆರು ವರ್ಷ ಮಂಡಾಲೆಗೆ ಹೋದರು. ಜನ ಚರ್ಮದ ಬಣ್ಣ ನೋಡಿ ತೀರ್ಪು ಕೊಟ್ಟರು ಎನ್ನಲು ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. 1959ರ ನಾನಾವತಿ ಮೊಕದ್ದಮೆ ಹಿರಿಯರಿಗೆ ನೆನಪಿರಬಹುದು. ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಆಹುಜಾನನ್ನು ಗುಂಡಿಟ್ಟು ಕೊಂದ. ಬೊಂಬಾಯಿಯ ಜನ ಅವನ ಸಮವಸ್ತ್ರಕ್ಕೆ ಮಾರುಹೋದರು. 'ಬ್ಲಿಟ್ಜ್' ಪತ್ರಿಕೆ ಅವನ ಪರ ವಾರವಾರವೂ ಬರೆಯಿತು. ಬೀದಿಯಲ್ಲಿ ನಾನಾವತಿ ಹೆಸರಿನ ಆಟದ ಪಿಸ್ತೂಲು ಮಾರಾಟವಾಯಿತು! ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಜೀವಾವಧಿ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇದರಿಂದಲೇ ಜ್ಯೂರಿ ಹೋಯಿತೆಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಜ್ಯೂರಿ ಬೇಡವೆಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅದು ಕೊನೆಗಂಡಿತು. ಪಾರ್ಸಿಗಳ ವಿವಾಹ ನ್ಯಾಯಾಲಯದಲ್ಲಿ ಮಾತ್ರ ಅದರ ನೆರಳು ಉಳಿದಿದೆ.

ಜ್ಯೂರಿ ಮರಳಿ ಬರಬೇಕೆಂದು ನಾನು ಹೇಳುವವನಲ್ಲ. ಜಾತಿ, ಮತ, ಊರು, ಪಕ್ಷ ಎಂದು ಹಂಚಿಹೋಗಿರುವ ನಮ್ಮಲ್ಲಿ ಹನ್ನೆರಡು ಜನ ಒಂದು ಕೋಣೆಯಲ್ಲಿ ಕುಳಿತು ಎದುರಿನವನ ಹೆಸರು ಮರೆತು ತೀರ್ಪು ಹೇಳುತ್ತಾರೆಂಬ ಧೈರ್ಯ ನನಗಿಲ್ಲ. ಆದರೆ ಜ್ಯೂರಿಯ ಜೊತೆಗೆ ಇನ್ನೊಂದು ಭಾವನೆಯೂ ನಮ್ಮಿಂದ ಹೋಗಿಬಿಟ್ಟಿದೆ: ನ್ಯಾಯ ನನ್ನ ಕೆಲಸವೂ ಹೌದು ಎಂಬ ಭಾವನೆ. ಅಮೆರಿಕದಲ್ಲಿ ಪೌರತ್ವ ಪಡೆದು ನೆಲೆಸಿದ ನಮ್ಮ ಮಕ್ಕಳಿಗೆ ಜ್ಯೂರಿಗೆ ಬನ್ನಿ ಎಂಬ ಕರೆ ಬರುತ್ತದೆ. 'ಹೇಗಮ್ಮಾ ತಪ್ಪಿಸಿಕೊಳ್ಳೋದು?' ಎಂದು ಅವರು ಫೋನಿನಲ್ಲಿ ಕೇಳಿದರೆ ಅದು ನಾವು ಇಲ್ಲಿಂದ ಕಟ್ಟಿಕೊಟ್ಟ ಬುತ್ತಿ.

ಇಲ್ಲಿ ನಮಗೆ ಜ್ಯೂರಿಯ ಕರೆ ಬರುವುದಿಲ್ಲ, ಸಾಕ್ಷಿಯ ಕರೆ ಬರುತ್ತದೆ. ಪಂಚನಾಮೆಗೆ ರುಜು ಹಾಕಲು ಕರೆ ಬರುತ್ತದೆ. ನ್ಯಾಯಾಧೀಶರು ಆ ದಿನ ಆ ರಸ್ತೆಯಲ್ಲಿ ಇರಲಿಲ್ಲ. ಇದ್ದವರು ನೀವು. ನೀವು ಕಂಡದ್ದಷ್ಟೇ ಅವರಿಗೆ ಕಣ್ಣು.

ನಾನು ಹಿಂದೆ ಸೇವೆ ಮಾಡಿದ ಮಲೆನಾಡಿನ ಒಂದು ಧರ್ಮಕೇಂದ್ರದ ಮಾತು ಹೇಳುತ್ತೇನೆ. ಊರು, ಹೆಸರು ಬೇಡ. ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದ ಹುಡುಗ ಮಾಲೀಕರ ಮನೆಯವರ ಜೀಪಿಗೆ ಸಿಕ್ಕಿ ಸತ್ತ. ಹಗಲು ಹೊತ್ತು. ಮೂವರು ನೋಡಿದ್ದರು. ಮೂವರೂ ಭಾನುವಾರ ತಪ್ಪದೆ ಪೂಜೆಗೆ ಬರುವವರು. ನಾಲ್ಕು ವರ್ಷದ ಮೇಲೆ ಮೊಕದ್ದಮೆ ವಿಚಾರಣೆಗೆ ಬಂತು. ಮೂವರೂ ಕಟಕಟೆ ಹತ್ತಿ, ಸದ್ದು ಕೇಳಿತು, ನಾವು ಓಡಿ ಬರುವಾಗ ಎಲ್ಲ ಮುಗಿದಿತ್ತು, ಯಾರು ಓಡಿಸುತ್ತಿದ್ದರೋ ಗೊತ್ತಿಲ್ಲ ಎಂದರು. ಆರೋಪಿ ಬಿಡುಗಡೆಯಾದ. ಹುಡುಗನ ತಾಯಿ ಅದಾದ ಮೇಲೂ ಮೂರನೇ ಸಾಲಿನಲ್ಲೇ ಕೂರುತ್ತಿದ್ದಳು. ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಆ ಮೂವರಿಗೂ ಕೈಮುಗಿಯುತ್ತಿದ್ದಳು. ನಾನು ಪೀಠದ ಬಳಿಯಿಂದ ಅದನ್ನು ನೋಡುತ್ತಿದ್ದೆ.

ಅವರಲ್ಲೊಬ್ಬ ಒಂದು ಸಂಜೆ ನನ್ನ ಬಳಿ ಬಂದ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಹಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಜಗುಲಿಯ ಮೇಲೆ ಕುಳಿತು ಹೇಳಿದ್ದು, ಬೇರೆಯವರಿಗೂ ಹೇಳಿ ಎಂದು ಅವನೇ ಅಂದದ್ದು. "ಫಾದರ್, ನಾನಿರೋದು ಅವರ ಲೈನ್ ಮನೇಲಿ. ಮಗಳ ಫೀಸು ಕಟ್ಟಿದ್ದು ಅವರು. ಆರು ಸಲ ಕೋರ್ಟಿಗೆ ಹೋದೆ, ಐದು ಸಲ ವಾಯಿದೆ ಅಂತ ವಾಪಸ್ ಕಳಿಸಿದ್ರು, ಕೂಲಿ ಹೋಯ್ತು. ಸತ್ಯ ಹೇಳಿದ್ರೆ ರಾತ್ರಿ ನನ್ನ ಗಂಟುಮೂಟೆ ರಸ್ತೇಲಿರ್ತಿತ್ತು. ನೀವು ಮನೆ ಕೊಡ್ತಿದ್ರಾ?"

ಆ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಅವನನ್ನು ಪಾಮರ್, ಸೌತ್‌ವೆಲ್ ಜೊತೆಗೆ ಒಂದೇ ಬೆಂಚಿನಲ್ಲಿ ಕೂರಿಸಿ ಛೀಮಾರಿ ಹಾಕಿ ಮನೆಗೆ ಕಳುಹಿಸುವುದು ಅನ್ಯಾಯ. ಆ ಇಬ್ಬರಿಗೆ ಪದವಿ ಇತ್ತು, ಇವನಿಗೆ ಮಾಡೂ ಇರಲಿಲ್ಲ. ಆದರೆ ಅದೇ ಊರಿನವರು ಮರುದಿನ ಟೀ ಅಂಗಡಿಯಲ್ಲಿ ಕುಳಿತು 'ಕಾನೂನಿಗೆ ಕಣ್ಣಿಲ್ಲ' ಎಂದಾಗ ನನಗೆ ಸಿಟ್ಟು ಬಂತು. ಕಾನೂನಿಗೆ ಆ ದಿನ ಆರು ಕಣ್ಣುಗಳಿದ್ದವು. ಆ ಕಣ್ಣುಗಳ ಹಿಂದೆ ಊರು ನಿಲ್ಲಲಿಲ್ಲ. ಮೂವರಲ್ಲಿ ಒಬ್ಬ ಒಂಟಿಯಾಗಿ ಸತ್ಯ ಹೇಳುವುದು ಬೇರೆ, ಮೂವರೂ ಹೇಳುವುದು ಬೇರೆ, ಮೂವರ ಹಿಂದೆ ಇಡೀ ಧರ್ಮಕೇಂದ್ರ ಕೋರ್ಟಿನ ಅಂಗಳದಲ್ಲಿ ನಿಂತಿರುವುದು ಬೇರೆಯೇ.

ಸಾಕ್ಷಿಯ ಭಾರ ನಮ್ಮ ಪವಿತ್ರ ಗ್ರಂಥಕ್ಕೆ ಚೆನ್ನಾಗಿ ಗೊತ್ತು. ಒಬ್ಬನ ಮಾತಿನ ಮೇಲೆ ಯಾರನ್ನೂ ಶಿಕ್ಷಿಸಬಾರದು, ಇಬ್ಬರು ಮೂವರು ಬೇಕು ಎನ್ನುತ್ತದೆ ಮೋಶೆಯ ಧರ್ಮಶಾಸ್ತ್ರ. ಮರಣದಂಡನೆಯಾದರೆ ಮೊದಲ ಕಲ್ಲನ್ನು ಸಾಕ್ಷಿ ಹೇಳಿದವನೇ ಎಸೆಯಬೇಕು. ಹೇಳಿ ಮರೆಯಲ್ಲಿ ನಿಲ್ಲುವಂತಿಲ್ಲ. ಸುಸನ್ನಳ ಕಥೆ ನಿಮಗೆ ಗೊತ್ತು. ಇಬ್ಬರು ಹಿರಿಯರ ಮಾತು ನಂಬಿ ಸಭೆಗೆ ಸಭೆಯೇ ಅವಳನ್ನು ಸಾವಿಗೆ ಒಪ್ಪಿಸಿತ್ತು. ದಾನಿಯೇಲನೆಂಬ ಹುಡುಗ ಎದ್ದು ನಿಂತ. ಇಬ್ಬರನ್ನೂ ಬೇರೆಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬೊಬ್ಬನು ಒಂದೊಂದು ಮರ ಹೇಳಿದ. ಇಂದು ವಕೀಲರು ಮಾಡುವ ಪಾಟೀಸವಾಲು ಅದೇ. ಅದನ್ನು ಅವಮಾನವೆಂದು ತಿಳಿದು ನಾವು ಹೆದರುತ್ತೇವೆ. ಸುಸನ್ನಳ ಜೀವ ಉಳಿಸಿದ್ದು ಪಾಟೀಸವಾಲೇ. ನಾಳೆ ನಮ್ಮ ಮೇಲೆ ಯಾರಾದರೂ ಸುಳ್ಳು ಹೇಳಿದರೆ ನಮ್ಮನ್ನು ಉಳಿಸುವುದೂ ಅದೇ.

ರಕ್ತಸಾಕ್ಷಿ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಅದರ ಅರ್ಧಭಾಗ ಸಾಕ್ಷಿ. ಮೋರ್ ಅವರಂತೆ ರಕ್ತ ಕೊಡಿ ಎಂದು ನಮ್ಮನ್ನು ಯಾರೂ ಕೇಳುತ್ತಿಲ್ಲ. ಉಳಿದ ಅರ್ಧವನ್ನು ಕೇಳುತ್ತಿದ್ದಾರೆ.

ಈಗ ಕೆಲವು ಉಪಯೋಗದ ಮಾತು. ರಸ್ತೆಯಲ್ಲಿ ಅಪಘಾತ ಕಂಡರೆ ಗಾಯಾಳುವನ್ನು ಮುಟ್ಟಬೇಡಿ, ಪೊಲೀಸ್ ಕೇಸಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವರಿದ್ದೀರಿ. ಅದು ಹಳೆಯ ಮಾತು. 2016ರಲ್ಲಿ ಸುಪ್ರೀಂ ಕೋರ್ಟು ಸಹಾಯಕ್ಕೆ ಬಂದವರಿಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ನಮ್ಮ ಕರ್ನಾಟಕದ ಶಾಸಕಾಂಗವೂ ಇದಕ್ಕೆಂದೇ ಕಾನೂನು ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ, ಹೆಸರು ಹೇಳು ಎಂದು ಬಲವಂತ ಮಾಡುವಂತಿಲ್ಲ. ಆ ಕಾನೂನಿಗೆ ಎಲ್ಲರೂ ಕರೆಯುವ ಹೆಸರು ದಯಾಳು ಸಮಾರಿತನದ್ದು. ಆ ಸಾಮತಿಯಲ್ಲಿ ನೋಡಿಯೂ ನೋಡದಂತೆ ಮೊದಲು ದಾಟಿಹೋದವನು ಒಬ್ಬ ಯಾಜಕ ಎಂಬುದನ್ನು, ನೀವು ನೆನಪಿಸುವ ಮೊದಲು ನಾನೇ ನೆನಪಿಸುತ್ತೇನೆ.

ಸಾಕ್ಷಿಗಳಿಗೆ ಬೆದರಿಕೆ ಇದ್ದರೆ ಅದಕ್ಕೂ ದಾರಿ ಇದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿ, ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಹೇಳಿತು. ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಸಮಿತಿಗೆ ಅರ್ಜಿ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯೂ ಪ್ರತಿ ರಾಜ್ಯ ಇಂಥ ಯೋಜನೆ ಮಾಡಬೇಕೆನ್ನುತ್ತದೆ. ಕಾಗದದ ಮೇಲಿರುವುದೆಲ್ಲ ನಮ್ಮ ತಾಲ್ಲೂಕಿಗೆ ನಡೆದು ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕೇಳಿದರೆ ಬಂದೀತು. ಕೇಳದಿದ್ದರೆ ಬರುವುದಿಲ್ಲ. ಬಡವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿ ತಾಲ್ಲೂಕು ಕೋರ್ಟಿನಲ್ಲೇ ಇದೆ. ಒಳಗೆ ಹೋಗಿ ವಿಚಾರಿಸಲು ದುಡ್ಡು ಬೇಕಿಲ್ಲ.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಧರ್ಮಕೇಂದ್ರದ ಸಭಾಂಗಣದಲ್ಲಿ ಒಬ್ಬ ವಕೀಲರು ಕುಳಿತಿರುತ್ತಾರೆ. ಕ್ಯಾಲೆಂಡರಿನ ಹಿಂದೆ ಇರುವ ಕಾಗದಗಳನ್ನು ತನ್ನಿ. ಕೋರ್ಟಿನ ದಿನ ಒಬ್ಬರೇ ಹೋಗಲು ಅಂಜಿಕೆಯಾದರೆ ನನಗೆ ಹಿಂದಿನ ದಿನ ಹೇಳಿ. ಮೊದಲ ಬಸ್ಸು ಏಳೂ ಮುಕ್ಕಾಲಿಗೆ. ಬೆಳಗಿನ ಪೂಜೆ ಮುಗಿಸಿ ನಾನೂ ಜೊತೆಗೆ ಬರುತ್ತೇನೆ. ಇನ್ನು ನಾಲ್ಕಾರು ಜನ ಬರುವವರಿದ್ದರೆ ಈಗಲೇ ಸಿಸ್ಟರ್ ಬಳಿ ಹೆಸರು ಬರೆಸಿ. ನಮ್ಮವರ ಹೆಸರು ಕೂಗುವ ಹೊತ್ತಿಗೆ ಕೋರ್ಟಿನ ಅಂಗಳ ಖಾಲಿ ಇರಬಾರದು.